ಸಿಮೆಂಟಿನ ಹಿಂದಿನ ಗೋಡೆ

ಬೂಕನಕೆರೆಯ ನಮ್ಮ ಮನೆ ಮೂರೇ ಅಂಕಣದ್ದು. ಕೆರೆಯ ಮಣ್ಣಿನಲ್ಲಿ ಕೊಯ್ದು ಸುಟ್ಟ ತೆಳು ಇಟ್ಟಿಗೆ, ನಡುವೆ ಕಲಸಿದ ಮಣ್ಣು, ಮೇಲೆ ನಾಡಹೆಂಚು. ತಾತ ಎರಡು ಅಂಕಣ ಕಟ್ಟಿಸಿದ್ದ; ಅಪ್ಪ ಮದುವೆಯಾದ ಮೇಲೆ ಹಿಂದಕ್ಕೆ ಅಡುಗೆಮನೆ ಸೇರಿಸಿದ. ಇಷ್ಟೇ ಇದರ ಚರಿತ್ರೆ. ಇದಕ್ಕೆ ಕೇಡು ತಂದವನು ನಾನು.

ಹೊಸದಾಗಿ ಕೆಲಸ ಸಿಕ್ಕಿದ ಹುಮ್ಮಸ್ಸಿನಲ್ಲಿ ಒಳಗೂ ಹೊರಗೂ ಸಿಮೆಂಟು ಬಳಿಸಿ, ಗಿಳಿಹಸಿರು ಬಣ್ಣ ಹೊಡೆಸಿ, ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ. ಗೋಡೆಗೆ ಉಸಿರು ಕಟ್ಟಿತು. ಕೆಲವೇ ಮಳೆಗಾಲದಲ್ಲಿ ತೇವ ಸೊಂಟದವರೆಗೆ ಏರಿತು. ನೋಡಿದವರೆಲ್ಲ ಕೆಡವು ಅಂದರು. ಕೆ.ಆರ್. ಪೇಟೆಯಿಂದ ಬಂದ ಗಾರೆ ಮೇಸ್ತ್ರಿ ಒಬ್ಬರೇ, "ಸಿಮೆಂಟು ಕೆತ್ತಾಕಿ. ಒಳ್ಗಿನ ಇಟ್ಗೆ ಗಟ್ಟಿ ಇದ್ರೆ ಸುಣ್ಣ ಹೊಡ್ಕಂಡು ಇರ್ಬೋದು. ಇಲ್ದಿದ್ರೆ ಕೆಡವ್ಲೇಬೇಕು" ಅಂದರು.

ಅವ್ವ ಅಡ್ಡ ನಿಂತಳು. ಮನೆ ಕೆಡವಲೂ ಕೂಡದು, ಅಡುಗೆಮನೆಯ ಸಿಮೆಂಟು ಮುಟ್ಟಲೂ ಕೂಡದು. "ಅದೊಂದ್ ಗೋಡೆ ಬುಟ್ಬುಡ್ರಲಾ" ಎಂದು ಹಟ. ತೇವ ಹೆಚ್ಚಾಗಿದ್ದುದೇ ಅಲ್ಲಿ. ನನಗೆ ರೇಗಿತು. ಅವಳು ಡೇರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿ ಮೇಸ್ತ್ರಿಯ ಜೊತೆ ನಾನೂ ಉಳಿ ಹಿಡಿದೆ.

ಸಿಮೆಂಟು ಕಳಚಿದಂತೆ ಇಟ್ಟಿಗೆಯ ಸಾಲುಗಳು ಕಂಡವು. ಸೊಂಟದವರೆಗೆ ನೂಲು ಹಿಡಿದಂತೆ ನೇರ. ಅಲ್ಲಿಂದ ಮೇಲೆ ಒಂದು ಸಾಲು ಹತ್ತಿದರೆ ಇನ್ನೊಂದು ಇಳಿದಿತ್ತು. ಸಿಮೆಂಟಿಗೆ ಮೊದಲು ಒಲೆಯ ಮಸಿ ಹಿಡಿದಿದ್ದ ಗೋಡೆಯಲ್ಲಿ ನಾನಿದನ್ನು ಗಮನಿಸಿರಲೇ ಇಲ್ಲ. ನನಗೆ ನಗು ತಡೆಯಲಿಲ್ಲ. ತಿರುಗಿದರೆ ಅವ್ವ ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಗು, ನಗು. ಊರೇ ನಕ್ಕೈತೆ" ಅಂದಳು. "ಇದ್ನ ಕಟ್ಟೋವಾಗ ಗಾರೆಯವ್ನು ಅರ್ಧಕ್ಕೇ ಜರ ಬಂದು ಮಲಿಕ್ಕಂಡ. ಮಳೆ ಬಂದ್ರೆ ಕಟ್ಟಿದ್ದೂ ಕರಗೋಯ್ತದೆ ಅಂತ ಮಿಕ್ಕಿದ್ದ ನಾನೇ ಕಟ್ದೆ. ನೀನು ಸಿಮೆಂಟು ಬಳಿಸ್ದಾಗ, ಸದ್ಯ ಮುಚ್ಚೋಯ್ತಲ್ಲ ಅಂತ ಹಾಲು ಕುಡ್ದಷ್ಟು ಸಂತೋಸ ಆಗಿತ್ತು."

ನನಗೆ ನಾಚಿಕೆಯಾಯಿತು. ಮೇಸ್ತ್ರಿ ಮಾತ್ರ ಸಾಲು ಸಾಲಾಗಿ ತಟ್ಟಿ, ಸಂದಿಗೆ ಉಳಿ ಒತ್ತಿ ನೋಡುತ್ತಿದ್ದರು. "ನೆಟ್ಟಗಿರೋದ್ರಲ್ಲಿ ನಾಕು ಸಾಲು ಬದ್ಲಾಯಿಸ್ಬೇಕು. ಮೇಲಿಂದು ಒಂದಿಟ್ಗೆನೂ ಜಗ್ಗಕಿಲ್ಲ. ಮನೆ ಕೆಡವಂಗಿಲ್ಲ ಬುಡಿ. ಮೇಲ್ಗಡೆ ಸಂದಿಗಾಕಿರೋ ಈ ಮಣ್ಣ ಯಾರು ತುಳಿದಿದ್ದು?"

"ನಾನೇ ಕಣಪ್ಪ. ಮೂರು ದಿನ ತುಳ್ದೆ. ಇವ್ನು ಹೊಟ್ಟೇಲಿದ್ದ."

ಆಮೇಲೆ ಎಲ್ಲ ಗೋಡೆಗೂ ಸುಣ್ಣ ಹೊಡೆಸಿದೆವು. ಆ ಒಂದಕ್ಕೆ ಮಾತ್ರ ಅವ್ವ ಬ್ರಷ್ಷು ತಾಕಿಸಗೊಡಲಿಲ್ಲ. ಈಗ ಮನೆಗೆ ಯಾರೇ ಬಂದರೂ ಕಾಫಿ ಕುಡಿಯಬೇಕಾದ್ದು ಅಡುಗೆಮನೆಯಲ್ಲೇ, ಆ ಗೋಡೆಗೆ ಮುಖ ಮಾಡಿಕೊಂಡೇ.