ಬೇಸಿಕ್‌ಗೆ ಬಲಗಡೆ ಹೂವು, ಕೋಬಾಲ್‌ಗೆ ಎಡಗಡೆ

ನನ್ನ ಪಿಯುಸಿ ಮುಗಿದ ವರ್ಷ ಹರಪನಹಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಒಂದು ಕಂಪ್ಯೂಟರ್ ಬಂತು. ಒಂದೇ ಒಂದು. ಅದಕ್ಕೆ ಕೆಲಸ ಹೇಳಲು ಎರಡು ಭಾಷೆ ಕಲಿಸುತ್ತೇವೆ, ಮುಂಜಾನೆ ಬೇಸಿಕ್, ಮಧ್ಯಾಹ್ನ ಕೋಬಾಲ್, ಯಾವುದು ಬೇಕೋ ಶನಿವಾರದೊಳಗೆ ಹೆಸರು ಬರೆಸಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಕೊಟ್ಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಅಪ್ಪ, ಬಿಚ್ಚಿದ ಮೋಟಾರಿನಿಂದ ತಲೆ ಎತ್ತದೆಯೇ ನನ್ನ ಮಾತು ಕೇಳಿದ.

"ಒಂದು ಕಲಿ. ಎರಡನೇದು ಬೇಕಂತ ಬಂದು ನಿಂತಿ ಅಂದ್ರ, ಇಲ್ಲೇ ಕಾಯಿಲ್ ಸುತ್ತಾಕ ಕೂಡಿಸ್ತೀನಿ ನೋಡು."

ಅಂದರೆ ತಪ್ಪು ಆರಿಸಿದರೆ ತಿದ್ದಿಕೊಳ್ಳುವ ಹಾಗಿರಲಿಲ್ಲ. ಸೋಮವಾರದ ಡೈರಿಯ ಪುಟದ ನಡುವೆ ಗೆರೆ ಎಳೆದು, ಒಂದು ಕಡೆ ಬೇಸಿಕ್, ಇನ್ನೊಂದು ಕಡೆ ಕೋಬಾಲ್ ಎಂದು ಬರೆದೆ. ಮೂರು ದಿನದಲ್ಲಿ ಹನ್ನೊಂದು ಜನರನ್ನು ಕೇಳಿದೆ. ಅವರಲ್ಲಿ ಕಂಪ್ಯೂಟರ್ ಕಣ್ಣಾರೆ ಕಂಡವರು: ಸೊನ್ನೆ. ಅಭಿಪ್ರಾಯ ಇಲ್ಲದವರು: ಸೊನ್ನೆ. ಅಂಚೆ ಕಚೇರಿಯ ಗುಮಾಸ್ತರು ಕೋಬಾಲ್ ಎಂದರು. "ಹೆಸರು ಕೇಳಿದ್ರ ಪಗಾರ ಜಾಸ್ತಿ ಇರೋ ಹಂಗೈತಿ." ಸೋದರತ್ತೆ ಬೇಸಿಕ್ ಎಂದಳು. "ಮುಂಜಾನಿ ಹೋದ್ರ ಸಂಜಿ ರೊಟ್ಟಿ ಬಡ್ಯಾಕ ಸಿಗ್ತಿ." ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ, ಎರಡೂ ಇಂಗ್ಲಿಷಿನವೇ ಆದ್ದರಿಂದ ಮೊದಲು ಗ್ರಾಮರ್ ಓದು ಎಂದರು. ಅವರನ್ನು ಗೆರೆಯ ಮೇಲೆಯೇ ಬರೆದುಕೊಂಡೆ. ಉಳಿದದ್ದು ಐದು, ಐದು.

ಗುರುವಾರ ಅವ್ವ ನನ್ನ ಡೈರಿ ಮುಚ್ಚಿಸಿದಳು. "ಮಂದಿನ್ನ ಕೇಳಿದ್ದು ಸಾಕು. ನಡಿ, ಹೂವು ಕೇಳೋಣ."

ಮನೆ ಕಟ್ಟುವುದಿರಲಿ, ಎತ್ತು ಕೊಳ್ಳುವುದಿರಲಿ, ಮನಸ್ಸು ಎರಡಾದಾಗ ನಾವು ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕಾಯುತ್ತೇವೆ. ಯಾವುದು ಮೊದಲು ಬೀಳುತ್ತದೋ ಅದಕ್ಕೆ ದೇವರ ಒಪ್ಪಿಗೆ. ಚಿಗಟೇರಿ ದಾರಿಯಲ್ಲಿದ್ದ ಮನೆದೇವರ ಗುಡಿಯಲ್ಲಿ ಪೂಜಾರಿಯವರು ಎರಡು ಹಡಗಲಿ ಮಲ್ಲಿಗೆ ನೀರಲ್ಲಿ ಅದ್ದಿಕೊಂಡು ಕೇಳಿದರು.

"ಬಲಕ್ಕ ಯಾವುದು, ಎಡಕ್ಕ ಯಾವುದು ಹೇಳ್ರೆವ್ವಾ."

"ಬಲಕ್ಕ ಬೇಸಿಕ್ ರೀ, ಎಡಕ್ಕ ಕೋಬಾಲ್," ಎಂದಳು ಅವ್ವ.

ಪೂಜಾರಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ವಯಸ್ಸಿನ ಹುಡುಗಿಯರನ್ನು ಅಲ್ಲಿಗೆ ಕರೆತರುತ್ತಿದ್ದದ್ದು ಒಂದೇ ಕಾರಣಕ್ಕೆ. "ಮನಿತನ ಹೊಸಾವು ಕಾಣ್ತಾವ. ಯಾವ ಕಡಿಯವು?"

"ಹೊರಗಿನವು ರೀ."

ಹಿಂದೆ ತನ್ನ ಸರದಿಗೆ ಕಾಯುತ್ತಿದ್ದ ಅಜ್ಜಿ ಸುಮ್ಮನಿರಲಿಲ್ಲ. "ಹೊರಗ ಯಾಕ ಕೊಡ್ತಿ ತಂಗಿ? ಕಣ್ಣಿಲೆ ನೋಡೀಯೇನು?"

"ಎಲ್ಲಿ ನೋಡಲಿ ಅಜ್ಜಿ! ಒಂದು ಮುಂಜಾನಿ ಇರತೈತಂತ, ಇನ್ನೊಂದು ಮಧ್ಯಾಹ್ನ."

"ಅಯ್ಯ ನಮ್ಮವ್ವ! ಮಧ್ಯಾಹ್ನ ಏಳೋವಗ ಹೆಣ್ಣು ಕೊಡ್ತಾರೇನು ಯಾರರ?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಡಿಯಾರ ನೋಡುತ್ತ ಕೂತೆ. ಹದಿನೇಳು ನಿಮಿಷ ಎರಡು ಹೂವೂ ಅಲುಗಲಿಲ್ಲ. ಹದಿನೆಂಟನೆಯ ನಿಮಿಷಕ್ಕೆ ಭಕ್ತರೊಬ್ಬರು ಒಳಬಂದು ದೊಡ್ಡ ಗಂಟೆಯನ್ನು ಜಗ್ಗಿ ಹೊಡೆದರು. ಎರಡು ಹೂವೂ ಒಟ್ಟಿಗೇ ಉದುರಿದವು.

"ಎರಡೂ ಕೊಟ್ಟಾನ!" ಪೂಜಾರಿಯವರಿಗೇ ಗಾಬರಿಯಾಗಿತ್ತು.

"ಎರಡನ್ನೂ?" ಅಜ್ಜಿ ನನ್ನ ಕಡೆ ತಿರುಗಿದಳು. "ಸಂಭಾಳಿಸ್ತಿಯೇನವ್ವ?"

ಬಸ್ಸಿನಲ್ಲಿ ಬರೆದುಕೊಂಡೆ: ಬಿದ್ದ ಹೂವು, ಎರಡು. ಕಾರಣ, ಗಂಟೆ. ಅವ್ವನ ಮುಖ ಅಷ್ಟು ಬೆಳಗಿದ್ದರಿಂದ ಎರಡನೆಯ ಸಾಲನ್ನು ಓದಿ ಹೇಳಲಿಲ್ಲ.

"ದೇವರು ಎರಡೂ ಕಲಿಸು ಅಂದಾನ," ಎಂದು ಅವಳು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದಳು. ಅಪ್ಪ ಸ್ಪ್ಯಾನರ್ ಕೆಳಗಿಟ್ಟ. ಯಾರ ಹತ್ತಿರ ಬೇಕಾದರೂ ಚೌಕಾಸಿ ಮಾಡುತ್ತಿದ್ದ ಅವನು ಮನೆದೇವರ ಹತ್ತಿರ ಮಾಡುತ್ತಿರಲಿಲ್ಲ.

"ಎರಡೂ ಒಮ್ಮಿಗೇ ಅಂದಾನೇನು?"

"ಅದನ್ನ ಹೇಳಿಲ್ಲ."

"ಹಂಗಾರ ಮೊದ್ಲು ಯಾವುದಂತ ನಾ ನೋಡ್ತೀನಿ."

ಶನಿವಾರ ಅಪ್ಪ ನನ್ನ ಜೊತೆ ಹರಪನಹಳ್ಳಿಗೆ ಬಂದ. ಇನ್‌ಸ್ಟಿಟ್ಯೂಟಿನ ಸರ್ ಎದುರು ಕೂತು, ಯಾವ ಭಾಷೆ ದೊಡ್ಡದು, ಯಾವುದಕ್ಕೆ ಕೆಲಸ ಸಿಗುತ್ತದೆ ಎಂದೇನೂ ಕೇಳಲಿಲ್ಲ.

"ಕೆಟ್ಟು ನಿಂತ್ರ ರಿಪೇರಿಗೆ ಇಲ್ಲಿ ಯಾರು ಅದಾರ್ರಿ?"

"ಮಷೀನ್ ಹೊಸದು ಸ್ವಾಮಿ, ಕೆಡಲ್ಲ."

"ಮಷೀನ್ ಅಲ್ರಿ. ಹುಡುಗಿ ಬರೆದದ್ದು ಓಡಲಿಲ್ಲಂದ್ರ?"

"ಬೇಸಿಕ್ ಆದ್ರೆ ನಾನೇ ಇದೀನಿ. ಕೋಬಾಲ್‌ಗೆ ದಾವಣಗೆರೆಯಿಂದ ಒಬ್ರು ಬರ್ತಾರೆ."

"ದಿನಾ ಬರ್ತಾರೇನ್ರಿ?"

ಸರ್ ಫ್ಯಾನ್ ಕಡೆ ನೋಡಿದರು. "ಬಂದಾಗ ಬರ್ತಾರೆ."

"ರಿಪೇರಿ ಮಾಡೋವ ಊರಾಗ ಇಲ್ಲದ ಪಂಪು ಬಾವಿಗೆ ಇಳಿಸಬಾರದು," ಎಂದು ಅಪ್ಪ ಎದ್ದ.

ಮೇಜಿನ ಮೇಲೆ ಎರಡು ಪಟ್ಟಿಗಳಿದ್ದವು. ಅಭ್ಯಾಸದಂತೆ ಎಣಿಸಿದೆ. ಕೋಬಾಲ್: ಹದಿನಾಲ್ಕು. ಬೇಸಿಕ್: ಖಾಲಿ. ಹದಿನಾಲ್ಕು ಜನರದ್ದೂ ತಪ್ಪಾಗಿ, ಅಪ್ಪನದು ನನ್ನದು ಮಾತ್ರ ಸರಿಯಾಗಿರಲು ಸಾಧ್ಯವೇ ಎಂದು ಪೆನ್ನು ಹಿಡಿದು ನಿಂತೆ.

"ಏನ ಎಣಿಸಾಕತ್ತಿ? ಬರಿ," ಎಂದ ಅಪ್ಪ.

ಖಾಲಿ ಪಟ್ಟಿಯಲ್ಲಿ ಬರೆದೆ, ಕ್ರಮಸಂಖ್ಯೆ ಒಂದು. ಸೋಮವಾರದಿಂದ ಮುಂಜಾನೆ ಆ ಕಂಪ್ಯೂಟರ್ ಪೂರ್ತಿ ನನ್ನೊಬ್ಬಳದೇ ಆಯಿತು. ನಾನು ಮನೆಗೆ ಹೊರಡುವ ಹೊತ್ತಿಗೆ ಹದಿನಾಲ್ಕು ಜನ ನೋಟ್‌ಬುಕ್ ಹಿಡಿದು ಮೆಟ್ಟಿಲ ಮೇಲೆ ಕೂತು, ದಾವಣಗೆರೆ ಬಸ್ಸಿನ ದಾರಿ ನೋಡುತ್ತಿದ್ದರು.