ಅಗ್ಗದ ಡ್ರಿಲ್ಲು, ಎಕ್ಸ್‌ಟ್ರಾ ವೈರು

ಕಳೆದ ಭಾನುವಾರ ಬೆಳಗ್ಗೆ ನಾನು ಸಾಯ್ತಾ ಇದ್ದೆ. ಎದುರಿಗೆ ನಿಂತ ನಮ್ಮವ್ವ ಹೊಟ್ಟೆ ಹಿಡಿದುಕೊಂಡು ನಗ್ತಾ ಇದ್ದಳು.

ಆಗಿದ್ದಿಷ್ಟು. ಮದ್ದೂರಿನ ನಮ್ಮ ಮನೆಯ ಅಡುಗೆಮನೆ ಗೋಡೆಗೆ ಪಾತ್ರೆ ಸ್ಟ್ಯಾಂಡ್ ಹಾಕಬೇಕಿತ್ತು. ವರ್ಷಕ್ಕೊಮ್ಮೆ ತೂತು ಕೊರೆಯೋ ಮನೆಗೆ ದುಬಾರಿ ಡ್ರಿಲ್ ಯಾಕೆ? ಮಂಡ್ಯ ಪೇಟೆಗೆ ಹೋಗಿ ಇರೋದರಲ್ಲೇ ಅಗ್ಗದ್ದು ತಂದೆ. ಮೈಯೆಲ್ಲ ಲೋಹ, ಫಳಫಳ. (ನನಗಿಂತ ಗಟ್ಟಿಮುಟ್ಟು.)

ಅದರ ಪ್ಲಗ್ ಯಾವ ದೇಶದ್ದೋ, ನಮ್ಮ ಸಾಕೆಟ್ಟಿಗೆ ಹೋಗಲಿಲ್ಲ. ಆಗ ನಮ್ಮ ಕಡೆಯವರು ಏನು ಮಾಡ್ತೀವಿ? ಅಡಾಪ್ಟರ್ ತರ್ತೀವಾ? ಛೆ! ಪ್ಲಗ್ ಕತ್ತರಿಸಿ ಎಸೆದೆ. ಎರಡು ವೈರು ಸಾಕೆಟ್ಟಿಗೆ ತೂರಿಸಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡಿದೆ. ಹಸಿರು ವೈರೊಂದು ಉಳೀತು. ಎಕ್ಸ್‌ಟ್ರಾ ಕೊಟ್ಟಿರಬೇಕು ಅಂತ ಸುತ್ತಿ ಟೇಪ್ ಹೊಡೆದೆ.

ನಾಲ್ಕು ತೂತು ಸಲೀಸು. ಅಲ್ಲಿಗೆ ಬಿಟ್ಟೆನಾ? ಕ್ಯಾಲೆಂಡರಿಗೊಂದು, ಮೊರಕ್ಕೊಂದು, ಸುಮ್ಮನೆ ಒಂದು. ಸುಟ್ಟ ವಾಸನೆ ಬಂತು. ನಿಲ್ಲಿಸಲಿಲ್ಲ.

ನಡುವೆ ಅವ್ವನಿಗೆ ಮನರಂಜನೆ ಬೇರೆ. ಬೀದಿಯ ಎಲೆಕ್ಟ್ರಿಷಿಯನ್ ಸಿದ್ದಣ್ಣನಿಗೆ ಶಾಕ್ ಹೊಡೆದರೆ ಹೇಗೆ ಕುಣೀತಾನೆ ಅಂತ, "ಅಯ್ಯಯ್ಯಪ್ಪೋ, ಆಪ್ ಮಾಡ್ರಲಾ!" ಅಂತ ಅವನದೇ ದನಿಯಲ್ಲಿ ಕುಣಿದು ತೋರಿಸಿದೆ. ಅವ್ವ ಬಿದ್ದು ಬಿದ್ದು ನಕ್ಕಳು. ಮತ್ತೆ ಡ್ರಿಲ್ ಒತ್ತಿದೆ.

ಮುಂದಿನದು ಆಕ್ಟಿಂಗ್ ಅಲ್ಲ. ಕೈ ಡ್ರಿಲ್ಲಿಗೆ ಅಂಟಿಕೊಂಡಿತು. ಮೈಯೆಲ್ಲ ಗಡಗಡ.

"ಸಾಕು ಬುಡ್ಲಾ, ಒಟ್ಟೆ ನೋಯ್ತದೆ!" ಅಂದಳು ಅವ್ವ, ಇದೂ ಆಕ್ಟಿಂಗೇ ಅಂದುಕೊಂಡು.

ಕೂಗೋಣ ಅಂದರೆ ದನಿಯೇ ಇಲ್ಲ. ಇದ್ದಕ್ಕಿದ್ದಂತೆ ಅವ್ವನ ನಗು ನಿಂತಿತು. ಓಡಿಹೋಗಿ ಸ್ವಿಚ್ ಆರಿಸಿದಳು. ನಾನು ದೊಪ್ಪನೆ ನೆಲಕ್ಕೆ.

"ಹೆಂಗ್ ಗೊತ್ತಾಯ್ತವ್ವ?"

"ಬಾಯ್ ಮುಚ್ಕೊಂಡಿದ್ಯಲ್ಲ ಕಣ್ಲಾ! ನೀನು ಉಟ್ದಾಗಿಂದ ಬಾಯ್ ಮುಚ್ಚಿದ್ದ ನಾನು ಕಂಡೇ ಇಲ್ವಲ್ಲೋ..." ಅನ್ನುತ್ತಲೇ ಅತ್ತುಬಿಟ್ಟಳು.

ಸಿದ್ದಣ್ಣ ಬಂದು ಡ್ರಿಲ್ ಬಿಚ್ಚಿದ. "ಮಿಸೀನ್ದೇನೂ ತೆಪ್ಪಿಲ್ಲ. ಆಗಾಗ ರೆಸ್ಟ್ ಕೊಟ್ಟಿದ್ರೆ ನಿಮ್ಮನೆ ಕೆಲ್ಸಕ್ಕೆ ದಂಡಿಯಾಗಿ ಸಾಕಿತ್ತು. ಕಾಯ್ದು ಕಾಯ್ದು ಒಳ್ಗೆ ಸುಟ್ಟದೆ, ಕರೆಂಟು ಮೈಗೆ ಬಂದದೆ. ಆ ಅಸ್ರು ವೈರು ಅರ್ತಿಂಗು ಕಣಯ್ಯಾ. ಅದ ಕೊಟ್ಟಿದ್ರೆ ನಿನ್ನ ಉಳ್ಸೋದು. ಎಕ್ಸ್‌ಟ್ರಾ ಅಂತೆ, ಎಕ್ಸ್‌ಟ್ರಾ!"

ನನ್ನ ಕಣ್ಣು ಮೆಲ್ಲಗೆ ಮೂಲೆಗೆ ಹೋಯಿತು. ಅಲ್ಲಿ ಅವ್ವನ ಗ್ರೈಂಡರ್. ಹೋದ ವರ್ಷ ಅದರ ಪ್ಲಗ್ ಒಡೆದಾಗ ಹೊಸದು ಹಾಕಿದವನು ನಾನೇ. ಸಿದ್ದಣ್ಣ ಅದನ್ನೂ ಬಿಚ್ಚಿದ. ನನಗೆ ತೋರಿಸಿದ, ಅಷ್ಟೆ. ಹಸಿರು ವೈರನ್ನು ಬುಡದಲ್ಲೇ ಕತ್ತರಿಸಿಟ್ಟಿದ್ದೆ.

ವಾರಕ್ಕೆರಡು ಸಲ, ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ನಿಂತು ಅವ್ವ ದೋಸೆಹಿಟ್ಟು ತೆಗೆಯೋದು ಅದರಿಂದಲೇ.

ನಿಮ್ಮ ಮನೆ ಗ್ರೈಂಡರಿಗೆ ಪ್ಲಗ್ ಹಾಕಿದ ಮಹಾಶಯ ಯಾರು ಸ್ವಾಮಿ?