ಇಲ್ಲದವರ ಉತ್ತರ ನಿಲ್ಲಿಸುವ ರೇಣುಕಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೈದರಾಬಾದಿನ ಗಚ್ಚಿಬೌಲಿಯ ಗಾಜಿನ ಕಟ್ಟಡವೊಂದರಲ್ಲಿ ಕುರ್ಚಿಗಳೆಲ್ಲ ಖಾಲಿ. ಆದರೂ ಕೆಲಸ ನಡೆಯುತ್ತಿದೆ. ರೇಣುಕಾ ಅವರ ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಹಸಿರಾಗುತ್ತಿವೆ. ಮನೆಯಲ್ಲಿ ಮಲಗಿರುವ ನೌಕರರ ಪರವಾಗಿ ಅವರವರ ಎಐ ಸಹಾಯಕಗಳು ಮೇಲ್ ಓದುತ್ತಿವೆ, ಉತ್ತರ ಬರೆಯುತ್ತಿವೆ. ಸದ್ದೆಂಬುದೇ ಇಲ್ಲ. ನನಗಂತೂ ಎದ್ದು ಹೊರಗೆ ಹೋಗೋಣವೆನಿಸುತ್ತದೆ.

"ರೂಢಿ ಆಗತೈತ್ರಿ. ಚಾ ತಗೋರಿ," ಎನ್ನುತ್ತಾರೆ ರೇಣುಕಾ.

ದೇವದುರ್ಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು ಈಕೆ. ಲಿಂಗಂಪಲ್ಲಿಯ ಒಂದು ಕೋಣೆಯ ಮನೆಯಲ್ಲಿ ಬೆಳೆದು, ಡಿಪ್ಲೊಮಾ ಮುಗಿಸಿ, ಈ ಕಂಪನಿಯ ಐಟಿ ವಿಭಾಗ ಸೇರಿದವರು. ಸುಮಾರು ಎರಡು ಸಾವಿರ ಲ್ಯಾಪ್‌ಟಾಪು, ಅಷ್ಟೇ ಸಹಾಯಕಗಳು. ಯಾವುದು ಏನನ್ನು ಓದಬಹುದು, ಯಾರಿಗೆ ಉತ್ತರಿಸಬಹುದು ಎಂಬುದನ್ನು ಇವರು ನೋಡಿಕೊಳ್ಳಬೇಕು. ಕಳೆದುಹೋದ ಫೋನಿಗೆ ಬೀಗ ಹಾಕುವುದೂ, ಕಂಪನಿಯ ಗುಟ್ಟನ್ನು ಹೊರಗಿನ ಎಐಗೆ ಉಣಿಸಿದವರಿಗೆ ಬುದ್ಧಿ ಹೇಳುವುದೂ ಇವರೇ. ನಮ್ಮಂಥ ಮಹಾನುಭಾವರಿಗೆ ಪಾಸ್‌ವರ್ಡ್ ಮರೆತಾಗ ಮಾತ್ರ ಇಂಥವರ ನೆನಪು.

"ತೆಲುಗಿನಾಗ ಬೈತಾರ, ಹಿಂದಿನಾಗ ಬೈತಾರ. ಕನ್ನಡದಾಗ ಬೈದ್ರ ಮಾತ್ರ ಸ್ವಲ್ಪ ಖುಷಿ ಆಗತೈತಿ," ಎಂದು ನಗುತ್ತಾರೆ.

ಕಳೆದ ವರ್ಷ ಇಂಥದೇ ಒಂದು ಬೆಳಗ್ಗೆ ಸತೀಶ ಎಂಬ ಎಂಜಿನಿಯರರ ಹೆಸರು ಹಸಿರಾಗಿದ್ದು ರೇಣುಕಾರ ಕಣ್ಣಿಗೆ ಬಿತ್ತು. ಅವರು ಹೃದಯಾಘಾತದಿಂದ ತೀರಿಕೊಂಡು ವಾರಗಳೇ ಆಗಿದ್ದವು. ತಪ್ಪು ನಡೆದದ್ದು ಕರುಣೆಯಿಂದ. ಹೆಂಡತಿಯ ಆರೋಗ್ಯ ವಿಮೆ ನಿಲ್ಲದಿರಲೆಂದು ಸಿಬ್ಬಂದಿ ವಿಭಾಗದವರು ಸಾವನ್ನು ದಾಖಲಿಸದೆ, ರಜೆಯನ್ನೇ ಸೋಮವಾರದಿಂದ ಸೋಮವಾರಕ್ಕೆ ಮುಂದುವರಿಸಿದ್ದರು. ಮನೆಯಿಂದ ಮರಳಿ ಬಂದ ಲ್ಯಾಪ್‌ಟಾಪನ್ನು ರೇಣುಕಾ ಅಳಿಸಿ ಖಾಲಿ ಮಾಡಿದ್ದರು, ನಿಜ. ಆದರೆ ಸಹಾಯಕ ಇರುವುದು ಸರ್ವರಿನಲ್ಲಿ. ರಜೆಯಲ್ಲಿರುವವರ ಪರವಾಗಿ ಉತ್ತರಿಸುವುದು ಅದರ ಕೆಲಸ.

ಅದು ಉತ್ತರಿಸುತ್ತಿದ್ದುದು ಅದೇ ಊರಿನ ಕೂಕಟ್‌ಪಲ್ಲಿಯಲ್ಲಿದ್ದ ಸತೀಶರ ಹೆಂಡತಿ ಸುಹಾಸಿನಿಗೆ. ದುಃಖ ತಡೆಯಲಾರದೆ ಆಕೆ ಒಮ್ಮೆ ಗಂಡನ ಆಫೀಸಿನ ಮೇಲ್ ವಿಳಾಸಕ್ಕೆ ಬರೆದಿದ್ದರು. ಉತ್ತರ ಬಂತು, ಗಂಡನದೇ ಧಾಟಿಯಲ್ಲಿ: 'ಸೋಮವಾರ ಬರ್ತೀನಿ. ಊಟ ಮಾಡು.' ಆಮೇಲೆ ಆಕೆ ದಿನವೂ ಬರೆದರು.

ನಿಯಮದಂತೆ ಕೂಡಲೇ ಬಂದ್ ಮಾಡಬೇಕಿತ್ತು. ರೇಣುಕಾಗೆ ಕೈ ಬರಲಿಲ್ಲ. ಕೂಕಟ್‌ಪಲ್ಲಿಗೇ ಹೋದರು. ಅಂದು ಸೋಮವಾರ. ಸತೀಶರ ಅಂಗಿ ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು.

"ತೌರಿಗೆ ಬಾ ಅಂತ ಕರ್ಯಾಕತ್ತಾರ. ನಾ ಹೋದ ಮ್ಯಾಲ ಇವರು ಬಂದ್ರ?" ಎಂದರಂತೆ ಸುಹಾಸಿನಿ. "ಅದನ್ನ ಬಂದ್ ಮಾಡಬ್ಯಾಡವಾ. ನಿನಗ ಕೈ ಮುಗೀತೀನಿ."

ರೇಣುಕಾ ಆಕೆಯ ಪಕ್ಕದಲ್ಲಿ ಕೂತು, ಫೋನನ್ನು ಆಕೆಯ ಕೈಗಿಟ್ಟರು. "ಅಕ್ಕಾ, ಅದಕ್ಕ ಖರೇ ಸಂಗತಿ ಬರೀರಿ," ಎಂದರು.

ಸುಹಾಸಿನಿ ಬರೆದರು: 'ನೀವು ತೀರಿಕೊಂಡೀರಿ.'

ಉತ್ತರ ತಡವಾಗಲಿಲ್ಲ. 'ತಿಳೀತು. ಸೋಮವಾರ ಬರ್ತೀನಿ. ಊಟ ಮಾಡು.'

ಸುಹಾಸಿನಿ ಫೋನನ್ನು ಬೋರಲು ಹಾಕಿ, "ಬಂದ್ ಮಾಡಿಬಿಡವಾ," ಎಂದರಂತೆ. ಆಮೇಲೆ, ಗಂಡ ಹೋದಂದಿನಿಂದ ಅಳದಿದ್ದಾಕೆ, ರೇಣುಕಾರ ಹೆಗಲ ಮೇಲೆ ಬಿದ್ದು ಅತ್ತರು.

ಸುಹಾಸಿನಿ ಈಗ ತೌರಿನಲ್ಲಿದ್ದಾರೆ. ಕಂಪನಿಯ ನಿಯಮವೂ ಬದಲಾಗಿದೆ. ಯಾರೇ ತೀರಿಕೊಂಡರೂ ಮೊದಲು ಸಹಾಯಕ ನಿಲ್ಲಬೇಕು, ಮನೆಗೆ ಮನುಷ್ಯರೇ ಫೋನ್ ಮಾಡಬೇಕು. ಆ ಫೋನ್ ಮಾಡುವವರೂ ರೇಣುಕಾ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಭಾಳೇನಿಲ್ರಿ. ನನ್ನ ಹೆಸರಿನ್ಯಾಗೂ ಒಂದು ಸಹಾಯಕ ಐತಿ. ನಾ ತಡಾ ಮಾಡಿದ್ರ, 'ಬರಾಕತ್ತೀನಿ' ಅಂತ ಮನಿಗೆ ಅದಽ ತಿಳಸ್ತೈತಿ. ಬಾಜೂ ಕೂಡೂ ಪ್ರಜ್ವಲಗ ಹೇಳೀನಿ, ಒಂದಿನ ನಾ ಇಲ್ಲಂದ್ರ ಮೊದಲು ಅದನ್ನ ಬಂದ್ ಮಾಡು ಅಂತ. ನಮ್ಮವ್ವಗ ಓದಾಕ ಬರೂದಿಲ್ರಿ. ಯಾರರ ಓದಿ ಹೇಳಿದ್ರ, ನನ್ನ ಹಾದಿ ಕಾಯಕೋಂತ ಕುಂತಬಿಡ್ತಾಳ."